ಜವರಯ್ಯ ನಿಲ್ಲುವ ಮೂಲೆ

ನೀವು ಯಾವ ಊರಿನವರೋ ನನಗೆ ಗೊತ್ತಿಲ್ಲ, ಗೊತ್ತಾಗಬೇಕಾಗಿಯೂ ಇಲ್ಲ. ಒಂದು ಮಾತು ಮಾತ್ರ ಕೇಳಿಸಿಕೊಳ್ಳಿ. ನಿಮ್ಮೂರಲ್ಲಿ ಬಣ್ಣ ಬಳಿಯುವವರು ಬೀದಿಗೆ ಹತ್ತು ಜನ ಇರಬಹುದು. ಆದರೆ ಮೂವತ್ತಡಿ ಅಗಲ, ಹದಿನೈದಡಿ ಎತ್ತರದ ಗೋಡೆಯನ್ನು ಒಂದೇ ಎಳೆತದಲ್ಲಿ, ರೋಲರನ್ನು ಕೂದಲೆಳೆಯಷ್ಟೂ ಮೇಲೆತ್ತದೆ, ಈ ತುದಿಯಿಂದ ಆ ತುದಿಯವರೆಗೆ ಬೆಳ್ಳಗೆ ಮಾಡಿದ ಗಂಡು ಭೂಮಿ ಮೇಲೆ ಒಬ್ಬನೇ. ಅವನೇ ಈಗ ನಿಮ್ಮ ಜೊತೆ ಮಾತಾಡುತ್ತಿದ್ದಾನೆ. ಹೆಸರು ಚೆಲುವ. ಊರವರು ಡೈಲಾಗ್ ಚೆಲುವ ಅನ್ನುತ್ತಾರೆ. ಚಪ್ಪಾಳೆ ಆಮೇಲೆ ಹೊಡೆಯಿರಿ, ಚಿತ್ರ ಇನ್ನೂ ಟೈಟಲ್ ಕಾರ್ಡಿನಲ್ಲೇ ಇದೆ.

ನಮ್ಮೂರಿನ ಗೋಡೆಗಳದ್ದು ಒಂದೇ ಹಟ. ಬ್ರಷ್ ತಾಗಿಕೊಂಡಿರುವವರೆಗೆ ಬಣ್ಣ ಕುಡಿಯುತ್ತವೆ, ಎತ್ತಿದ ತಕ್ಷಣ ಬಾಯಿ ಮುಚ್ಚುತ್ತವೆ. ಆಮೇಲೆ ಬಿಟ್ಟ ಜಾಗಕ್ಕೆ ಏನೇ ಬಳಿದರೂ ಕೆಸುವಿನೆಲೆಯ ಮೇಲಿನ ನೀರಿನ ಹಾಗೆ ಜಾರಿ ನೆಲಕ್ಕಿಳಿಯುತ್ತದೆ. ಗಾರೆ ಪೂರ್ತಿ ಕಿತ್ತು ಹೊಸದಾಗಿ ಮೆತ್ತಿದರೆ ಮಾತ್ರ ಗೋಡೆ ಇನ್ನೊಂದು ಸಲ ಬಾಯಿ ತೆರೆಯುತ್ತದೆ. ಅಷ್ಟೊಂದು ರಗಳೆ ಯಾರಿಗೆ ಬೇಕು? ಅದಕ್ಕೇ ನಮ್ಮಲ್ಲಿ ಮನೆಗಳಿಗೆ ನಂಬರು ಬೇಕಾಗಿಲ್ಲ. "ಕಿಟಕಿ ತನಕ ಹಸಿರು ಇರೋ ಮನೆ" ಅಂದರೆ ಸಾಕು. "ಸೀನು ಬಂದ ಮನೆ" ಅಂದರೆ ಇನ್ನೂ ಸಲೀಸು. ಬಳಿಯುವಾಗ ಪೇಂಟರ್ ಸೀನಿದ ಗುರುತು ಈಗಲೂ ಬಾಗಿಲ ಪಕ್ಕದಲ್ಲಿದೆ. ಪೇಂಟರುಗಳು ಜೋಡಿಯಾಗಿ ಬರುತ್ತಾರೆ. ಒಬ್ಬ ಬಳಿಯುತ್ತಾನೆ, ಇನ್ನೊಬ್ಬ ಸೌಟು ಹಿಡಿದು ಗೋಡೆಯಲ್ಲಿರುವ ಬ್ರಷ್ಷಿಗೇ ಬಣ್ಣ ಹುಯ್ಯುತ್ತಾನೆ. ಬಳಿಯುವವನನ್ನು ಯಾರೂ ಹೆಸರು ಹಿಡಿದು ಕರೆಯುವುದಿಲ್ಲ. ಮೂಗಿನ ಮೇಲೆ ಕಣಜ ಕೂತರೂ ಅವನು ಕೈ ಎತ್ತುವುದಿಲ್ಲ.

ಇಂಥ ಊರಲ್ಲಿ ಒಂದು ಟಾಕೀಸು ಇತ್ತು, ಮಂದಾರ ಟಾಕೀಸು. ತೆರೆ ಅಂದರೆ ಬಿಳಿ ಬಳಿದ ಗೋಡೆಯೇ. ಕಟ್ಟಿಸಿದವನು ಜವರಯ್ಯ, ಬಳಿದವನು ಮರಿಸ್ವಾಮಣ್ಣ. ಊರಿಗೇ ದೊಡ್ಡ ಪೇಂಟರ್ ಆದ ಮರಿಸ್ವಾಮಣ್ಣ ಆ ಗೋಡೆಯನ್ನು ಉಸಿರು ಬಿಗಿಹಿಡಿದು ಬಳಿದ. ಕೆಳಗಿನ ಬಲಮೂಲೆಗೆ ಬಂದಾಗ ಸೌಟಿಗೆ ಬಣ್ಣ ಸಿಗಲಿಲ್ಲ, ಬಕೆಟ್ ಬರಿದಾಗಿತ್ತು. ಒಣಗಿದ ಬ್ರಷ್ಷನ್ನು ಎಳೆದರೆ ಬಳಿದದ್ದೂ ಕಿತ್ತು ಬರುತ್ತದೆ. ಎತ್ತಿಬಿಟ್ಟ. ಅಂದಿನಿಂದ ಆ ಮೂಲೆ ಕತ್ತಲು. ಬಣ್ಣ ಒಲ್ಲೆ ಅಂದ ಗೋಡೆ ಸಿನಿಮಾದ ಬಣ್ಣವನ್ನೂ ಒಲ್ಲದು. ಬೆಳಕು ಬಿದ್ದರೂ ಹಿಡಿಯದು. ಅಲ್ಲಿ ಬಟ್ಟೆ ನೇತುಹಾಕಿ ನೋಡಿದರು. ಮೊಳೆ ಡೊಂಕಾಯಿತು. ಸೂರಿನಿಂದ ಇಳಿಬಿಟ್ಟರೆ, ಎರಡನೇ ರೀಲಿನ ಹೊತ್ತಿಗೆ ಬಟ್ಟೆ ಹೊಸ ಸೊಸೆಯ ಹಾಗೆ ಪಕ್ಕಕ್ಕೆ ಸರಿದು ನಿಂತಿತ್ತು.

ಜನ ಹೊಂದಿಕೊಂಡರು. ಅದೇನು ಗ್ರಹಚಾರವೋ, ಖಳನಾಯಕರು ಬಂದು ನಿಲ್ಲುವುದು ಆ ಮೂಲೆಯಲ್ಲೇ, ನಾಯಕನ ತಾಯಿ ಮಂಚದ ಮೇಲೆ ಪ್ರಾಣ ಬಿಡುವುದೂ ಆ ಮೂಲೆಯಲ್ಲೇ. ನಮ್ಮೂರವರು ಖಳನಾಯಕನ ಮುಖವನ್ನು ಪೋಸ್ಟರಿನಲ್ಲಿ ನೋಡಿ, "ಯಾರಪ್ಪ ಇದು, ಒಳ್ಳೆ ಲಕ್ಷಣವಾಗವ್ನೆ" ಅನ್ನುತ್ತಿದ್ದರು. ನನಗೆ ಆ ಕತ್ತಲೆಯೇ ಬಂಡವಾಳ. ಅಲ್ಲಿ ಕೂತು, ಕಾಣದವರ ಮಾತನ್ನೆಲ್ಲ ನಾನೇ ಆಡುತ್ತಿದ್ದೆ. ನಾಯಕ ತಾಯಿಯ ಕೈ ಹಿಡಿದು ಗೋಳಾಡುವಾಗ ಕತ್ತಲಿನಿಂದ, "ಮಗನೇ, ಅಕ್ಕಿ ನೆನೆಹಾಕಿದೀನಿ, ಮರೀದೆ ರುಬ್ಬಿಡಪ್ಪಾ" ಅನ್ನುತ್ತಿದ್ದೆ. ಅಳುವ ಸೀನಿನಲ್ಲಿ ಇಡೀ ಟಾಕೀಸು ಬೆಂಚು ಹಿಡಿದುಕೊಂಡು ನಗುತ್ತಿತ್ತು.

ಜವರಯ್ಯ ತೀರಿಕೊಂಡ ಮೇಲೆ ಟಾಕೀಸು ನಡೆಸುತ್ತಿದ್ದವಳು ಅವನ ಹೆಂಡತಿ ದೇವೀರಮ್ಮ. ನನಗೆ ರಕ್ತಸಂಬಂಧವೇನಲ್ಲ, ಆದರೂ ಅತ್ತೆ. ತಿಂಗಳಿಗೊಂದು ಸಲ ನನ್ನನ್ನು ಕಿವಿ ಹಿಡಿದು ಹೊರಗೆ ಹಾಕುತ್ತಿದ್ದಳು, ಮುಂದಿನ ಆಟಕ್ಕೆ ಅವಳೇ ಒಳಗೆ ಬಿಡುತ್ತಿದ್ದಳು.

ಒಂದು ದಿನ ಕರೆದು ಕೂರಿಸಿದಳು. ಮರಿಸ್ವಾಮಣ್ಣನೂ ಇದ್ದ. ಆ ಗೋಡೆಯ ನಂತರ ಅವನು ಬ್ರಷ್ ಮುಟ್ಟದೆ, ಅದೇ ಟಾಕೀಸಿನಲ್ಲಿ ಮಶೀನು ಓಡಿಸಿಕೊಂಡಿದ್ದ.

"ಚೆಲುವ, ಆ ಚಿತ್ರದ ಡಬ್ಬ ಬತ್ತಾ ಅದೆ ಕಣೋ" ಅಂದಳು.

ಯಾವ ಚಿತ್ರ ಅಂತ ಕೇಳಬೇಕಾಗಿರಲಿಲ್ಲ. ಜವರಯ್ಯ ಒಮ್ಮೆ ರೀಲಿನ ಡಬ್ಬ ತರಲು ದೊಡ್ಡ ಪಟ್ಟಣಕ್ಕೆ ಹೋಗಿದ್ದ. ಅಲ್ಲಿ ಬಸ್‌ಸ್ಟ್ಯಾಂಡಿನಲ್ಲಿ ಶೂಟಿಂಗ್ ನಡೆಯುತ್ತಿತ್ತು. ಸೀಬೆಹಣ್ಣು ಮಾರುವವನೊಬ್ಬ ಬೇಕು ಅಂತ ಇವನ ಕೈಗೇ ಬುಟ್ಟಿ ಕೊಟ್ಟು ನಿಲ್ಲಿಸಿದರಂತೆ. ಆ ಚಿತ್ರ ಓಡಲಿಲ್ಲ, ನಮ್ಮೂರಿಗೂ ಬರಲಿಲ್ಲ. ಜವರಯ್ಯ ಮಾತ್ರ ಪಟ್ಟಣದಲ್ಲಿ ಒಂದು ಸಲ ನೋಡಿ ಬಂದು, ಸಾಯುವವರೆಗೂ ಹೇಳಿಕೊಂಡು ನಗುತ್ತಿದ್ದ. ಅವನ ಒಂದು ಫೋಟೋ ಕೂಡ ಮನೆಯಲ್ಲಿರಲಿಲ್ಲ.

"ಇರೋದು ಅದೊಂದೇ ಪ್ರಿಂಟಂತೆ. ಅಲ್ಲಲ್ಲಿ ಹರಿದೋಗದಂತೆ. ಒಂದು ಮ್ಯಾಟ್ನಿ ಹಾಕ್ಕಂಡು ವಾಪಸ್ ಕಳಿಸ್ಬೇಕು" ಅಂದಳು ಅತ್ತೆ.

"ಹಾಕೋಣ ಅತ್ತೆ. ಬ್ಯಾಂಡ್‌ಸೆಟ್ ಕರೆಸೋಣ, ಕಟೌಟ್ ನಿಲ್ಲಿಸೋಣ..."

"ಅವ್ರು ನಿಂತಿರೋದು ಆ ಮೂಲೇಲಿ ಕಣೋ."

ಮರಿಸ್ವಾಮಣ್ಣ ನೆಲ ನೋಡಿದ.

"ತೆರೆ ಮುಂದೆ ಕೂತ್ಕಂಡು ತೋರ್ಸಿದ್ರು ನಂಗೆ" ಅಂದಳು. "'ಇಲ್ಲೇ, ಈ ಕೆಳಗಿನ ಮೂಲೇಲೇ ನಾ ಬರೋದು. ನಮ್ ಟಾಕೀಸಲ್ಲಿ ಹಾಕಿದ್ರೆ ನಾನೇ ಕಾಣಕ್ಕಿಲ್ಲ ಕಣಮ್ಮಿ' ಅಂತ ನಗೋರು."

"ಬೇರೆ ಊರಲ್ಲಿ ಹಾಕ್ಸಿ ನೋಡ್ಬಹುದಲ್ಲ ಅತ್ತೆ?"

"ಇನ್ನೊಬ್ರ ಗೋಡೆ ಮ್ಯಾಲೆ ನನ್ ಗಂಡನ್ನ ನಾನ್ಯಾಕೋ ನೋಡ್ಲಿ?" ಅತ್ತೆ ಎದ್ದು ನಿಂತಳು. "ಗಾರೆ ಕೀಳಿಸ್ತೀನಿ. ಹೊಸದಾಗಿ ಬಳೀರಿ."

ಮರಿಸ್ವಾಮಣ್ಣ ಗಾಬರಿಯಾದ. "ಬ್ಯಾಡ ತಾಯಿ. ಈಗ ಹೋಗಿರೋದು ಮೂಲೆ ಒಂದೇ. ಕಿತ್ತು, ಅರ್ಧಕ್ಕೆ ನಿಂತೋದ್ರೆ ಟಾಕೀಸೇ ಹೋಯ್ತದೆ. ಹದಿನೈದಡಿ ಎತ್ತರಕ್ಕೆ ಸೌಟು ಎಟುಕಲ್ಲ. ಆಗ ಏಣಿ ಮ್ಯಾಲೆ ಏಣಿ ಕಟ್ಟಿ ಮಾಡಿದ್ದು, ಆ ಜನಾನೂ ಈಗಿಲ್ಲ."

ಆಗ ನಾನು ಎದ್ದೆ. ಅಂಗಿಯ ಕಾಲರ್ ಮೇಲೆತ್ತಿ, ಬಾಗಿಲ ಹತ್ತಿರ ಹೋಗಿ, ಅಲ್ಲಿಂದ ತಿರುಗಿ ನೋಡಿ ಹೇಳಿದೆ: "ಸೌಟು ಎಟುಕದ ಕಡೆ ಈ ಚೆಲುವನ ಬುದ್ಧಿ ಎಟುಕುತ್ತೆ. ಬಣ್ಣ ಬ್ರಷ್ ಹತ್ರ ಬರಲ್ಲ ಅಂದ್ರೆ, ಬ್ರಷ್ ಒಳಗಿಂದಾನೇ ಬರುತ್ತೆ!"

"ಬಾಗ್ಲಲ್ಲಿ ನಿಂತ್ಕಂಡು ಏನೋ ಒದರ್ತೀಯ, ಒಳಗ್ ಬಂದು ಹೇಳು" ಅಂದಳು ಅತ್ತೆ.

ಡೈಲಾಗು ಬಾಯಿಗೆ ಬಂದದ್ದಾಯಿತು, ಇನ್ನು ಅದನ್ನು ನಿಜ ಮಾಡಬೇಕಿತ್ತು. ನಾನು ಸೈಕಲ್ ಶಾಪಿನ ಹುಡುಗ. ಪೈಪು, ವಾಷರು, ಗಾಳಿ, ಒತ್ತಡ ಇವೆಲ್ಲ ನನಗೆ ಅಣ್ಣತಮ್ಮಂದಿರಿದ್ದ ಹಾಗೆ. ಗದ್ದೆಗೆ ಔಷಧಿ ಹೊಡೆಯುವ ಪಂಪು ನೋಡಿರುತ್ತೀರಲ್ಲ, ಬೆನ್ನಿಗೆ ಹಾಕಿಕೊಂಡು ಪಕ್ಕದ ಹಿಡಿ ಅದುಮುತ್ತಾ ಹೋಗುವುದು? ಹಳೆಯದೊಂದನ್ನು ತಂದು ಔಷಧಿ ವಾಸನೆ ಹೋಗುವವರೆಗೆ ಸೀಗೆಪುಡಿ ಹಾಕಿ ತೊಳೆದೆ. ಉದ್ದನೆಯ ಬಿದಿರು ತಂದು, ಕಾದ ಸಲಾಕೆಯಿಂದ ಒಳಗಿನ ಗಿಣ್ಣುಗಳನ್ನೆಲ್ಲ ಸುಟ್ಟು ತೂತು ಮಾಡಿ, ಪಂಪಿನ ಪೈಪನ್ನು ಅದರೊಳಗೆ ಹಾಯಿಸಿದೆ. ತುದಿಗೆ ರೋಲರ್. ರೋಲರ್ ಅಂದರೆ ಪ್ಲಾಸ್ಟಿಕ್ ಪೈಪಿನ ತುಂಡು. ಮೈತುಂಬ ಸೂಜಿಗಣ್ಣಿನಂಥ ತೂತು, ಮೇಲೆ ಕುರಿಯುಣ್ಣೆಯ ಕಂಬಳಿಯ ಹೊದಿಕೆ. ಕೆಳಗೆ ಹಿಡಿ ಅದುಮಿದರೆ ಬಣ್ಣ ಬಿದಿರಿನೊಳಗೆ ಹತ್ತಿ, ರೋಲರಿನ ಹೊಟ್ಟೆಗೆ ಬಂದು, ಕಂಬಳಿಯಲ್ಲಿ ಬೆವರಬೇಕು.

ಮೊದಲ ಸಲ ಬೆವರಲಿಲ್ಲ, ಉಗಿಯಿತು. ಪಕ್ಕದಲ್ಲಿ ನಿಂತಿದ್ದ ಮರಿಸ್ವಾಮಣ್ಣ ತಲೆಯಿಂದ ಎದೆಯವರೆಗೆ ಬೆಳ್ಳಗಾದ. "ಅಣ್ಣ, ಬಿಳಿ ನಿಮಗೆ ಒಪ್ಪುತ್ತೆ, ಗಾಂಭೀರ್ಯ ಬಂತು" ಅಂದೆ. ಅವನು ಕಣ್ಣೊರೆಸಿಕೊಂಡು, "ಜೋರಾಗಿ ಅದುಮ್‌ಬ್ಯಾಡ್ದು. ಎಮ್ಮೆ ಹಾಲು ಕರೆದಂಗೆ ಅದುಮ್‌ಬೇಕು" ಅಂದ. ಎರಡನೇ ಸಲ ಬಣ್ಣದ ಗಂಟು ತೂತಿಗೆ ಸಿಕ್ಕಿಕೊಂಡು ರೋಲರ್ ಒಣಗಿತು. ಆಗ ಮರಿಸ್ವಾಮಣ್ಣ ಮನೆಗೆ ಹೋಗಿ ಹಳೇ ಪಂಚೆ ತಂದು, ಬಣ್ಣವನ್ನು ಎರಡು ಮಡಿಕೆಯಲ್ಲಿ ಸೋಸತೊಡಗಿದ. "ಗಂಟು ನನ್ ಪಾಲಿಗ್ ಬುಡು. ಒಂದು ಸಾಸಿವೆ ಗಾತ್ರದ್ದೂ ಹೋಗಕ್ಕೆ ಬುಡಲ್ಲ" ಅಂದ. ಮೂರನೇ ಸಲ, ಅದುವರೆಗೆ ಬಣ್ಣವನ್ನೇ ಕಾಣದ ನಮ್ಮ ಮನೆಯ ಹಿಂದಿನ ಗೋಡೆ. ಮೇಲೆ ಕೆಳಗೆ, ಮೇಲೆ ಕೆಳಗೆ, ಎತ್ತದೆ, ನಿಲ್ಲದೆ, ಮೂಲೆಯಿಂದ ಮೂಲೆಗೆ ಗುಲಾಬಿ ಬಣ್ಣ. ಊರಲ್ಲಿ ಮೊದಲ ಪೂರ್ತಿ ಗೋಡೆ. ಬೀದಿಯ ಹೆಂಗಸರು ಬಂದು ನೋಡಿ ಹೋದರು. ನಮ್ಮವ್ವ ಗೋಡೆಗೆ ದೃಷ್ಟಿ ತೆಗೆದಳು.

ಟಾಕೀಸಿನ ಗಾರೆ ಕಿತ್ತರು, ಮೆತ್ತಿದರು, ಒಣಗಿಸಿದರು. ಬಳಿಯುವ ದಿನ ಊರಿಗೆ ಊರೇ ಬೆಂಚುಗಳ ಮೇಲೆ ಬಂದು ಕೂತಿತ್ತು. ಪಂಪಿನ ಹಿಡಿ ಅದುಮಲು ನಾನು ನಾಲ್ಕು ಗಟ್ಟಿ ಹುಡುಗರಿಗೆ ಹೇಳಿದ್ದೆ. ಅತ್ತೆ ಸೆರಗು ಸಿಕ್ಕಿಸಿಕೊಂಡು ಬಂದು ಪಂಪಿನ ಪಕ್ಕ ಮಣೆ ಹಾಕಿಕೊಂಡು ಕೂತಳು.

"ಹಿಡಿ ನಾ ಅದುಮ್ತೀನಿ."

"ಅತ್ತೆ, ತುಂಬ ಹೊತ್ತು ಹಿಡಿಯುತ್ತೆ. ಕೈ ಸೋಲುತ್ತೆ."

"ನನ್ ಕೈ ಸುದ್ದಿ ನಿನಗ್ಯಾಕೆ? ನೀ ನಿನ್ ಕೈ ನೋಡ್ಕೋ."

ಮರಿಸ್ವಾಮಣ್ಣ ಬಣ್ಣ ಸೋಸುತ್ತಾ ಹತ್ತಿರ ಬಂದು ಮೆಲ್ಲಗೆ ಅಂದ, "ಚೆಲುವ, ಆ ಮೂಲೆಯಿಂದ್ಲೇ ಶುರು ಮಾಡಪ್ಪ. ಅದೊಂದು ಆಗೋದ್ರೆ ಮಿಕ್ಕಿದ್ದು ಏನಾದ್ರೂ ಆಗ್ಲಿ."

"ಅಣ್ಣ, ಕ್ಲೈಮ್ಯಾಕ್ಸನ್ನ ಯಾರಾದರೂ ಮೊದಲ ರೀಲಲ್ಲೇ ತೋರಿಸ್ತಾರಾ? ಎಡಗಡೆ ಮೇಲಿಂದ ಶುರು, ಬಲಗಡೆ ಕೆಳಗೆ ಶುಭಂ. ಮೇಲಿಂದ ಇಳಿದ ಹನಿಗಳೂ ಬಳಿದುಕೊಂಡು ಹೋಗುತ್ತವೆ."

ಹನಿಯ ಮಾತಿಗೆ ಅವನು ತಲೆಯಾಡಿಸಿದ. ಪೇಂಟರಿಗೆ ಅದು ಸರಿ ಅನ್ನಿಸಿತು.

ಶುರು ಮಾಡಿದೆ. ಮೊದಲು ಊರು ಉಸಿರೂ ಬಿಡಲಿಲ್ಲ. ಮೇಲೆ, ಕೆಳಗೆ, ಒಂದು ಹೆಜ್ಜೆ ಬಲಕ್ಕೆ. ಪಂಪು ಕಿಚ್ ಕಿಚ್ ಅನ್ನುತ್ತಿತ್ತು, ಅತ್ತೆಯ ಬಳೆ ಅದಕ್ಕೆ ತಾಳ ಹಾಕುತ್ತಿತ್ತು. ಬಿದಿರು ಭಾರವಾಯಿತು, ಭುಜ ಉರಿಯಿತು, ಕುತ್ತಿಗೆ ಮರಗಟ್ಟಿತು. ಬಣ್ಣದ ಹನಿ ಕಣ್ಣಿಗೆ ಬಿತ್ತು; ಒರೆಸಿಕೊಳ್ಳಲಿಲ್ಲ, ಒಂದೇ ಕಣ್ಣಲ್ಲಿ ಬಳಿದೆ. ನಡುವಿಗೆ ಬಂದಾಗ ಮರಿಸ್ವಾಮಣ್ಣ ನನ್ನ ಬಾಯಿಗೆ ಬೆಲ್ಲದ ನೀರು ಹುಯ್ದ. ಹಿಂದೆ ತಿರುಗಿ ನೋಡಿದರೆ ಅತ್ತೆಯ ರವಿಕೆ ಬೆನ್ನಿಗೆ ಅಂಟಿತ್ತು, ಕೈ ಮಾತ್ರ ಎಮ್ಮೆ ಹಾಲು ಕರೆಯುತ್ತಲೇ ಇತ್ತು. ಗೋಡೆ ಕುಡಿಯಿತು. ಏನು ಕುಡಿಯಿತು ಅಂತೀರಿ! ಅದು ಅಷ್ಟು ವರ್ಷದ ಬಾಯಾರಿಕೆ.

ಕೊನೆಯ ಪಟ್ಟಿ. ಮೇಲಿನಿಂದ ಇಳಿಯುತ್ತಿದ್ದೇನೆ. ಹಿಂದಿನ ಬೆಂಚಿನಿಂದ ಯಾರೋ ಒಂದು ಸಿಳ್ಳೆ ಹೊಡೆದರು. ಆಮೇಲೆ ಇಡೀ ಟಾಕೀಸು ಸಿಳ್ಳೆ. "ಚೆಲುವಾ! ಚೆಲುವಾ!" ಇನ್ನೊಂದು ಮೊರದಗಲ ಬಾಕಿ. ಅಲ್ಲಿ ಪಂಪು ಕೈಕೊಟ್ಟಿತು. ಬಣ್ಣ ನಿಂತಿತು. ಒಣ ರೋಲರ್ ಎಳೆಯಲಾರದೆ ಎತ್ತಬೇಕಾಯಿತು. ಗೋಡೆ ಬಾಯಿ ಮುಚ್ಚಿತು. ಕೆಳಗಿನ ಬಲಮೂಲೆಯಲ್ಲಿ, ಒಂದು ಮೊರದಷ್ಟು ಅಗಲ, ಕತ್ತಲು ಹಾಗೇ ಉಳಿಯಿತು.

ಸಿಳ್ಳೆ ನಿಂತಿತು. ಬಳೆಯ ಸದ್ದು ಆಮೇಲೂ ಒಂದೆರಡು ಸಲ ಕೇಳಿಸಿ ನಿಂತಿತು.

"ಪಂಪು ಕಟ್ಕೊಂತು" ಅಂದೆ. "ಗಂಟು ಸಿಕ್ಕಿಬಿಡ್ತು."

ಒಣ ರೋಲರ್ ಎತ್ತಿದ್ದಕ್ಕೆ ಯಾರೂ ನನ್ನನ್ನು ಬೈಯಲಿಲ್ಲ. ಮರಿಸ್ವಾಮಣ್ಣ ಕೈಯಲ್ಲಿದ್ದ ಪಂಚೆಯನ್ನು ಬೆಳಕಿಗೆ ಹಿಡಿದು, ಹರಿದಿದೆಯೇ ಅಂತ ಹುಡುಕುತ್ತಾ ನಿಂತ. ಮತ್ತೆ ಅದೇ ಗೋಡೆ, ಅದೇ ಮೂಲೆ. "ನನ್ ಕೈ ಗುಣ ಕಣಮ್ಮ" ಅಂದ ಅತ್ತೆಗೆ. ಅತ್ತೆ ನನ್ನನ್ನು ನೋಡಿದಳು, ಅಂಗೈ ಉಜ್ಜಿಕೊಳ್ಳುತ್ತಾ ಎದ್ದು ಹೋದಳು.

ಮಾರನೆಯ ದಿನವೇ ಮ್ಯಾಟ್ನಿ. ಮತ್ತೆ ಗಾರೆ ಕೀಳಲು ಹೊತ್ತಿಲ್ಲ. ಬೆಳಿಗ್ಗೆಯೆಲ್ಲ ಆ ಮೊರದಗಲದ ಮುಂದೆ ಕೂತು ನೋಡಿದೆ. ಮಾತು ಮುಗಿದ ಕಡೆ ಮೈ ಬೇಕು ಅಂತ ಆಗ ಹೊಳೆಯಿತು. ಅಂಗಿ ಬಿಚ್ಚಿ ಮರಿಸ್ವಾಮಣ್ಣನನ್ನು ಕರೆದೆ.

"ಅಣ್ಣ, ನನ್ನ ಎದೆಗೆ ಬಳೀರಿ."

"ಏನ್ ಹುಡುಗಾಟವೋ ಇದು?"

"ಗೋಡೆ ಒಲ್ಲೆ ಅಂದರೆ ಬಿಡಲಿ. ನಾನು ಒಲ್ಲೆ ಅನ್ನಲ್ಲ. ಎಷ್ಟು ಸಲ ಬೇಕಾದರೂ ಎತ್ತಿ, ಎಷ್ಟು ಸಲ ಬೇಕಾದರೂ ಬಳೀರಿ."

ಅವನು ಬದಿಗೆ ಬಿದ್ದಿದ್ದ ಹಳೇ ಬ್ರಷ್ ತೆಗೆದುಕೊಂಡ. ಅಷ್ಟು ವರ್ಷದ ಮೇಲೆ ಅವನ ಕೈಯಲ್ಲಿ ಬ್ರಷ್. ಒಂದು ಎಳೆತ ಎಳೆದ, ಎತ್ತಿದ, ನೋಡಿದ, ಮತ್ತೆ ಎಳೆದ. ನನಗೆ ಕಚಗುಳಿ. "ನಗ್‌ಬ್ಯಾಡ, ಗೆರೆ ಬೀಳ್ತದೆ" ಅಂತ ಗದರಿದ. ಗಂಟಲಿನಿಂದ ಹೊಕ್ಕಳವರೆಗೆ ನಾನು ತೆರೆಯಾದೆ.

ಟಾಕೀಸು ತುಂಬಿತ್ತು. ಅತ್ತೆ ಮೊದಲ ಬೆಂಚಿನಲ್ಲಿ, ಮೂಲೆಗೆ ಎದುರಾಗಿ ಕೂತಿದ್ದಳು. ಜವರಯ್ಯ ಯಾವ ರೀಲಿನಲ್ಲಿ ಬರುತ್ತಾನೋ ಯಾರಿಗೂ ಗೊತ್ತಿಲ್ಲ, ಹಾಗಾಗಿ ಮೊದಲಿಂದಲೇ ಮೊಣಕಾಲೂರಿ, ಬೆನ್ನನ್ನು ಆ ಮೊರದಗಲಕ್ಕೆ ಒತ್ತಿ ಕೂತೆ. ಮರಿಸ್ವಾಮಣ್ಣ ಮೇಲೆ ಮಶೀನು ಹೊರಡಿಸಿದ. ಬೆಳಕು ಕಣ್ಣಿಗೆ ಚುಚ್ಚಿತು. ಅದರ ಬೆನ್ನಿಗೇ ಗೋಡೆ ನನ್ನನ್ನು ತಳ್ಳತೊಡಗಿತು, ಬಟ್ಟೆಯನ್ನು ತಳ್ಳಿದ ಹಾಗೆ, ಮೆಲ್ಲಗೆ, ಬಿಡದೆ. ನಾನೂ ತಳ್ಳಿದೆ.

ಖಳನಾಯಕ ನನ್ನ ಎದೆ ಮೇಲೆ ಬಂದು ನಿಂತ. ಊರವರು ಮೊದಲ ಸಲ ನಮ್ಮ ಟಾಕೀಸಿನಲ್ಲಿ ಖಳನಾಯಕನನ್ನು ನೋಡಿದರು. "ಲೋ ಚೆಲುವ, ಉಸಿರು ಬುಡ್‌ಬ್ಯಾಡ್ವೋ, ವಿಲನ್ ಉಬ್ತಾ ಅವ್ನೆ!" ಅಂತ ಯಾರೋ ಕೂಗಿದರು. ಎಲ್ಲರೂ ನಕ್ಕರು. ಬಾಯಿ ತುದಿಗೆ ಎಂಥೆಂಥ ಡೈಲಾಗು ಬಂತು ಅಂತೀರಿ! ನುಂಗಿದೆ. ಮಾತಾಡಿದರೆ ತೆರೆ ಅಲುಗುತ್ತದೆ. ರೀಲು ಹರಿಯಿತು, ಅಂಟಿಸಿದರು, ಮತ್ತೆ ಹರಿಯಿತು. ಮೊಣಕಾಲಿನ ಚರ್ಮ ಸುಲಿಯಿತು. ಗೋಡೆ ತಳ್ಳುತ್ತಲೇ ಇತ್ತು.

ಆಮೇಲೆ ಬಸ್ಸಿನ ಹಾರನ್ ಕೇಳಿಸಿತು. ಬಸ್‌ಸ್ಟ್ಯಾಂಡಿನ ಗದ್ದಲ. ಅದರೊಳಗಿನಿಂದ ಒಂದು ಧ್ವನಿ, ನನ್ನ ಎದೆಯ ಹತ್ತಿರದಿಂದಲೇ ಬಂದ ಹಾಗೆ: "ಸೀಬೇ... ಸೀಬೇ... ಉಪ್ಪು ಖಾರ ಹಾಕ್ಲಾ?"

ಉಸಿರು ಹಿಡಿದೆ. ನನಗೆ ಅವನು ಕಾಣಲಿಲ್ಲ. ತೆರೆಗೆ ಚಿತ್ರ ಕಾಣುವುದಿಲ್ಲ. ಕಂಡದ್ದು ಅತ್ತೆಯ ಮುಖ ಒಂದೇ. ತೆರೆಯ ಬೆಳಕು ಅವಳ ಕೆನ್ನೆಯ ಮೇಲಿತ್ತು. ಅವಳು ಅಳಲಿಲ್ಲ. ಬೆಂಚಿನಿಂದ ಸ್ವಲ್ಪ ಮುಂದೆ ಬಾಗಿ, ಮನೆಯ ಜಗಲಿಯಲ್ಲಿ ಮಾತಾಡುವ ಹಾಗೆ ಹೇಳಿದಳು:

"ಖಾರ ಕಮ್ಮಿ ಹಾಕಿ. ನಿಮಗೆ ಖಾರ ಆಗಾಕಿಲ್ಲ."

ಬಸ್ಸು ಹೊರಟಿತು. ಧ್ವನಿ ಹೋಯಿತು. ನಾನು ಉಸಿರು ಬಿಟ್ಟೆ.

ಆಟ ಮುಗಿದು ಜನ ಹೋದ ಮೇಲೆ ಅತ್ತೆ ತಂಬಿಗೆಯಲ್ಲಿ ಬಿಸಿನೀರು ತಂದು, ತನ್ನ ಸೆರಗಿನಿಂದ ನನ್ನ ಎದೆ ಒರೆಸತೊಡಗಿದಳು. ತುಂಬ ನಿಧಾನವಾಗಿ ಒರೆಸಿದಳು. ನಾನು ಏನೋ ಒಂದು ಡೈಲಾಗ್ ತಯಾರು ಮಾಡಿಕೊಳ್ಳುತ್ತಿದ್ದೆ.

"ಪಂಪು ಕಟ್ಕಂಡಿರ್ಲಿಲ್ಲ ಕಣೋ" ಅಂದಳು.

ನಾನು ಮೂಲೆಯ ಕಡೆ ನೋಡಿದೆ.

"ಹಿಡಿ ನನ್ ಕೈಲಿತ್ತು. ಕಟ್ಕಂಡ್ರೆ ಹಿಡಿ ಬಿಗಿಯಾಯ್ತದೆ. ಕೊನೇ ತನಕ ಸಲೀಸಾಗಿತ್ತು. ಬಣ್ಣ ಹೋಯ್ತಾನೇ ಇತ್ತು." ಸೆರಗು ಹಿಂಡಿದಳು. "ನಂಗೇನ್ ಹೇಳ್‌ಬ್ಯಾಡ. ನಾ ನೋಡ್ಬೇಕಾದ್ದು ನೋಡ್ದೆ. ಮ್ಯಾಲೆ ಮಶೀನ್ ತಾವ ಇರೋನು ನೆನ್ನೆಯಿಂದ ಉಂಡಿಲ್ಲ. ಅವ್ನಿಗ್ ಹೇಳು."

ಮೇಲೆ ಮಶೀನು ರೂಮಿನಲ್ಲಿ ಮರಿಸ್ವಾಮಣ್ಣ ರೀಲು ಸುತ್ತಿ ಡಬ್ಬಕ್ಕೆ ಹಾಕಿಯಾಗಿತ್ತು. ಪಕ್ಕದಲ್ಲಿ ಪಂಪನ್ನು ಪೂರ್ತಿ ಬಿಚ್ಚಿ, ಪೈಪು, ವಾಷರು, ರೋಲರು ಎಲ್ಲ ಪೇಪರಿನ ಮೇಲೆ ಹರಡಿಕೊಂಡು ಕೂತಿದ್ದ. ರೋಲರಿನ ಒಂದೊಂದು ತೂತಿಗೂ ಸೂಜಿ ಹಾಕಿ ಗಂಟು ಹುಡುಕುತ್ತಿದ್ದ. ತಲೆಯೆತ್ತದೆ ಅಂದ, "ಎಲ್ಲೂ ಸಿಕ್ತಾ ಇಲ್ಲ ಕಣೋ ಚೆಲುವ. ಎಲ್ಲಿಂದ ತಪ್ಪಿಸ್ಕಂಡು ಹೋಯ್ತೋ."

ಮೊದಲು ನಿಮಗೆ ಏನೇನೋ ಹೇಳಿದೆನಲ್ಲ, ಈ ತುದಿಯಿಂದ ಆ ತುದಿ, ಕೂದಲೆಳೆಯಷ್ಟೂ ಎತ್ತದೆ, ಅಂತ. ಅದನ್ನೆಲ್ಲ ಬಿಡಿ. ಪಂಪು ನಿಲ್ಲಲಿಲ್ಲ. ರೋಲರ್ ಒಣಗಲಿಲ್ಲ. ಸಿಳ್ಳೆ ಬಿತ್ತು. ಸಿಳ್ಳೆ ಬಿದ್ದಾಗ ನಾಯಕನಾದವನು ತಿರುಗಿ, ಕೈ ಮೇಲೆತ್ತಿ, ಒಂದು ನಗೆ ನಗಬೇಕು ಅಂತ ಇಪ್ಪತ್ತು ವರ್ಷ ಬೆಂಚಿನ ಮೇಲೆ ಕೂತು ಕಲಿತಿದ್ದೆ. ತಿರುಗಿದೆ. ಕೈ ಮೇಲೆತ್ತಿದೆ. ಕೈಯಲ್ಲಿ ರೋಲರ್ ಇತ್ತು.

ಬಾಗಿಲಲ್ಲಿ ನಿಲ್ಲಲಿಲ್ಲ. ಒಳಗೆ ಹೋಗಿ, ಅವನ ಎದುರು ನೆಲದ ಮೇಲೆ ಕೂತು, ಅವನ ಕೈಯಿಂದ ಸೂಜಿ ತೆಗೆದುಕೊಂಡೆ.

"ಗಂಟು ಇರ್ಲಿಲ್ಲ ಅಣ್ಣ. ನಿಮ್ಮ ಬಣ್ಣ ಸರಿಯಾಗಿತ್ತು. ನಾನೇ ಎತ್ತಿದ್ದು."